36 ವೋಲ್ಟ್ ಹಬ್ ಮೋಟಾರ್ ಕಿಟ್: ಯಂತ್ರ ಒಳ್ಳೆಯದು, ಕಾಗದ ಎಲ್ಲಿದೆ?

ಮನೆಯಲ್ಲಿರುವ ಗೇರ್ ಸೈಕಲ್‌ಗೆ ಮೋಟಾರ್ ಕೂರಿಸುವ 36 ವೋಲ್ಟ್, 250 ವ್ಯಾಟ್ ಕಿಟ್‌ಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಆನ್‌ಲೈನ್‌ನಲ್ಲೂ ಹತ್ತಾರು ಹೆಸರಲ್ಲಿ ಮಾರಾಟಕ್ಕಿವೆ. ಪೆಟ್ಟಿಗೆ ಮೇಲಿನ ಹೆಸರು ಬೇರೆಯಾದರೂ ಒಳಗಿನ ಸರಕು ಬಹುಪಾಲು ಒಂದೇ. ರಿಮ್‌ಗೆ ಕಡ್ಡಿ ಹಾಕಿ ತಯಾರಾಗಿ ಬರುವ ಹಿಂಬದಿ ಹಬ್ ಮೋಟಾರ್ (ಚಕ್ರದ ನಡುಭಾಗದಲ್ಲೇ ಇರುವ ಮೋಟಾರ್), ಅದಕ್ಕೆ ಹೋಗುವ ವಿದ್ಯುತ್ತನ್ನು ನಿಯಂತ್ರಿಸುವ ಒಂದು ಕಂಟ್ರೋಲರ್, ಹ್ಯಾಂಡಲ್ ಮೇಲಿನ ಡಿಸ್‌ಪ್ಲೇ, 12 ಮ್ಯಾಗ್ನೆಟ್‌ನ ಪೆಡಲ್ ಸೆನ್ಸರ್ (ತುಳಿಯುವುದನ್ನು ಗುರುತಿಸುವ ಭಾಗ), ಮೋಟಾರ್ ನಿಲ್ಲಿಸುವ ಸ್ವಿಚ್ ಇರುವ 2 ಬ್ರೇಕ್ ಲಿವರ್, ತುಳಿಯದೆ ಮೋಟಾರ್ ಓಡಿಸುವ ಒಂದು ಥ್ರಾಟಲ್, ಹಿಡಿಯಷ್ಟು ವಾಷರ್‌ಗಳು. ಬ್ಯಾಟರಿ ಮತ್ತು ಚಾರ್ಜರ್ ಹೆಚ್ಚಾಗಿ ಬೇರೆ ಕೊಳ್ಳಬೇಕು. ನಾವು ಇಲ್ಲಿ ಅಳೆಯುತ್ತಿರುವುದು ಈ ಬಗೆಯ ಕಿಟ್ಟನ್ನೇ ಹೊರತು ಯಾವುದೋ ಒಂದು ಬ್ರ್ಯಾಂಡನ್ನಲ್ಲ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಯಂತ್ರವಾಗಿ ಇದು ಒಳ್ಳೆಯ ಸರಕು. ಸರಿಯಾಗಿ ಕೂರಿಸಿದರೆ ವರ್ಷಗಟ್ಟಲೆ ಓಡುತ್ತದೆ, ಬಿಡಿಭಾಗ ಸಿಗುತ್ತದೆ, ರಿಪೇರಿ ಕೈಗೆಟಕುತ್ತದೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಲೈಸೆನ್ಸ್, ನೋಂದಣಿ, ವಿಮೆ ಇಲ್ಲದೆ ಓಡಿಸಲು ಬೇಕಾದ ಕಾಗದ ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ದಿನಾ ಆಫೀಸಿಗೆ ಹೋಗುವವರು ಮತ್ತು ಮಕ್ಕಳ ಕೈಗೆ ಕೊಡುವವರು ಈ ಒಂದು ಕೊರತೆಗಾಗಿಯೇ ಕಿಟ್ ಬಿಟ್ಟು, ಪರೀಕ್ಷೆ ಪಾಸಾದ ರೆಡಿ ಇ-ಸೈಕಲ್ ಕೊಳ್ಳುವುದು ಸರಿ.

ಕಾಗದದ ವಿಷಯ

ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 2(ಯು) ನಿಯಮ ಹೇಳುವುದು ಇಷ್ಟು. ಮೋಟಾರಿನ 30 ನಿಮಿಷದ ಪವರ್ 0.25 ಕಿಲೋವ್ಯಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ಇರಬೇಕು. ಪೆಡಲ್ ಅಸಿಸ್ಟ್ (ತುಳಿದಾಗ ಮೋಟಾರ್ ನೆರವಾಗುವ) ಸೈಕಲ್ ಆದರೆ ವೇಗ 25ರ ಹತ್ತಿರ ಬಂದಂತೆ ಮೋಟಾರಿನ ಬಲ ಇಳಿಯುತ್ತಾ ಕೊನೆಗೆ ನಿಲ್ಲಬೇಕು. ಸವಾರ ತುಳಿಯುವುದು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ತಕ್ಕ ಬ್ರೇಕ್ ಇರಬೇಕು, ಮುಂದೆ ಒಂದು ಬಿಳಿ, ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಇರಬೇಕು. ಇಷ್ಟಿದ್ದರೆ ಅದು ಮೋಟಾರು ವಾಹನವಲ್ಲ.

ಜನ ಓದದೆ ಬಿಡುವ ಸಾಲು ಇದರ ನಡುವೆಯೇ ಇದೆ. ಈ ಷರತ್ತುಗಳನ್ನು 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ಒಪ್ಪಿರಬೇಕು. ಪುಣೆಯ ಎ.ಆರ್.ಎ.ಐ., ಮಾನೇಸರದ ಐಕ್ಯಾಟ್, ಚೆನ್ನೈನ ಗಾರ್ಕ್ ಅಂಥ ಸಂಸ್ಥೆಗಳು. ಅಂದರೆ ಮೋಟಾರ್ ಮೇಲೆ "250W" ಎಂಬ ಸ್ಟಿಕ್ಕರ್ ಇದ್ದ ಮಾತ್ರಕ್ಕೆ ವಿನಾಯಿತಿ ಸಿಗುವುದಿಲ್ಲ. ಅಂಗಡಿಯವರು "ಲೈಸೆನ್ಸ್ ಬೇಡ ಸಾರ್, 250 ವ್ಯಾಟ್ ಅಷ್ಟೇ" ಎಂದಾಗ ಕೇಳಬೇಕಾದ್ದು ಒಂದೇ: ಈ ಮಾಡೆಲ್‌ನ ಟೆಸ್ಟ್ ಸರ್ಟಿಫಿಕೇಟ್ ಪ್ರತಿ ಕೊಡಿ. ಸರ್ಟಿಫಿಕೇಟ್‌ನಲ್ಲಿರುವ ಮಾಡೆಲ್ ಹೆಸರು ಬಿಲ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದಬೇಕು. ಬ್ಯಾಟರಿಗೆ ಮಾತ್ರ ಇರುವ ಸರ್ಟಿಫಿಕೇಟ್ ತೋರಿಸಿ "ಇದೇ ಸಾರ್" ಎನ್ನುವವರಿದ್ದಾರೆ; ಅದು ವಾಹನದ ಸರ್ಟಿಫಿಕೇಟ್ ಅಲ್ಲ.

30 ನಿಮಿಷದ ಪವರ್ ಎಂದರೆ ಮೋಟಾರ್ ಅರ್ಧ ಗಂಟೆ ಒಂದೇ ಸಮನೆ ಕೊಡಬಲ್ಲ ಶಕ್ತಿ. ಕ್ಷಣಮಾತ್ರದ ಗರಿಷ್ಠ ಶಕ್ತಿಯಲ್ಲ. ಇದನ್ನು ತಿಳಿಯದೆ ಕೆಲವರು ಕಂಟ್ರೋಲರ್ ಮೇಲಿನ "15 ಆಂಪಿಯರ್" ನೋಡಿ, 36ರಿಂದ ಗುಣಿಸಿ, 540 ವ್ಯಾಟ್ ಬಂತು, ಹಾಗಾಗಿ ಇದು ಕಾನೂನುಬಾಹಿರ ಎನ್ನುತ್ತಾರೆ. ಲೆಕ್ಕ ಸರಿ, ತೀರ್ಮಾನ ತಪ್ಪು. ಸಿಗ್ನಲ್‌ನಿಂದ ಹೊರಡುವಾಗ ಕೆಲವು ಸೆಕೆಂಡ್ 500 ವ್ಯಾಟ್ ಎಳೆಯುವುದು ರೆಡಿ ಸೈಕಲ್‌ಗಳಲ್ಲೂ ಉಂಟು. ಅಪಾಯ ಇರುವುದು 350 ಅಥವಾ 500 ವ್ಯಾಟ್ ಮೋಟಾರಿಗೇ 250ರ ಸ್ಟಿಕ್ಕರ್ ಅಂಟಿಸಿದಲ್ಲಿ, ಮತ್ತು ವೇಗದ ಮಿತಿ ತೆಗೆದುಹಾಕಿದಲ್ಲಿ. ಮಿತಿ ದಾಟಿದ ಕ್ಷಣ ಅದು ಕಾನೂನಿನ ಕಣ್ಣಲ್ಲಿ ನೋಂದಣಿಯಿಲ್ಲದ ಮೋಟಾರು ವಾಹನ. ಆಗ ಲೈಸೆನ್ಸ್, ನೋಂದಣಿ, ಥರ್ಡ್ ಪಾರ್ಟಿ ವಿಮೆ, ಐ.ಎಸ್.ಐ. ಹೆಲ್ಮೆಟ್ ಎಲ್ಲವೂ ಬೇಕು. ಮನೆಯಲ್ಲಿ ಜೋಡಿಸಿದ ಕಿಟ್‌ಗೆ ಆರ್‌ಟಿಒದಲ್ಲಿ ನೋಂದಣಿ ಮಾಡಿಸುವ ದಾರಿಯಿಲ್ಲ. ಪಾದಚಾರಿಗೆ ಡಿಕ್ಕಿಯಾಗಿ ಪರಿಹಾರದ ಕೇಸು ನಡೆದರೆ ವಿಮಾ ಕಂಪನಿಯ ಆಸರೆ ಇಲ್ಲ. ಹಣ ಸವಾರನ ಜೇಬಿನಿಂದಲೇ ಹೋಗಬೇಕು.

ಪ್ರಾಪ್ತ ವಯಸ್ಸಾಗದ ಮಗ ಅಥವಾ ಮಗಳು ಓಡಿಸುತ್ತಿದ್ದರೆ ಇನ್ನೂ ಗಂಭೀರ. ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಸ್ಕೂಟರ್ ಕೊಟ್ಟ ಪೋಷಕರಿಗೆ ಶಿವಮೊಗ್ಗದ ಕೋರ್ಟುಗಳು ಇದೇ 25,000 ದಂಡ ಹಾಕಿದ ಸುದ್ದಿಗಳು ಪದೇ ಪದೇ ಬಂದಿವೆ. 25 ಕಿ.ಮೀ. ಮಿತಿ ದಾಟಿದ "ಸೈಕಲ್" ಕೂಡ ಅದೇ ಕಲಂ ಅಡಿ ಬರುತ್ತದೆ. ಲೇಔಟ್ ಒಳಗೆ ಹೈಸ್ಕೂಲ್ ಮಕ್ಕಳು ತುಳಿಯದೆ, ಇಬ್ಬರು ಮೂವರು ಕೂತು, 35ರಲ್ಲಿ ಹೋಗುವ ದಪ್ಪ ಟೈರಿನ ಬಂಡಿಗಳನ್ನು ಕೊಡಿಸುವ ಮುನ್ನ ತಂದೆತಾಯಿ ಈ ಸಾಲನ್ನು ದಯವಿಟ್ಟು ಎರಡು ಸಲ ಓದಬೇಕು.

ಯಾವ ಸೈಕಲ್‌ಗೆ ಕೂರುತ್ತದೆ

ಹಿಂಬದಿ ಹಬ್ ಮೋಟಾರಿಗೆ ಹಿಂದಿನ ಡ್ರಾಪ್‌ಔಟ್‌ಗಳ (ಚಕ್ರದ ಆಕ್ಸಲ್ ಕೂರುವ, ಫ್ರೇಮಿನ ಸೀಳುಗಳ) ನಡುವೆ 135 ಮಿ.ಮೀ. ಜಾಗ ಬೇಕು. 6 ಅಥವಾ 7 ಗೇರಿನ ಎಂ.ಟಿ.ಬಿ. (ಮೌಂಟನ್ ಬೈಕ್) ಮಾದರಿ ಸೈಕಲ್‌ಗಳಲ್ಲಿ ಇದು ಇರುತ್ತದೆ. ಹಾಲು, ಪೇಪರ್ ಹಾಕುವವರು ಬಳಸುವ ಕಪ್ಪು ಸೈಕಲ್‌ಗಳಲ್ಲಿ ಇದಕ್ಕಿಂತ ಕಡಿಮೆ. ಫ್ರೇಮ್ ಉಕ್ಕಿನದ್ದಾದ್ದರಿಂದ ಎಳೆದು ಅಗಲಿಸಬಹುದು, ಹಲವರು ಹಾಗೆ ಮಾಡಿಯೂ ಇದ್ದಾರೆ. ನಾವು ಬೇಡ ಎನ್ನುತ್ತೇವೆ. ಕಾರಣ ಫ್ರೇಮಲ್ಲ, ಬ್ರೇಕು. ರಾಡ್ ಬ್ರೇಕಿನ ರಬ್ಬರ್ ರಿಮ್ಮಿನ ಒಳಮುಖಕ್ಕೆ ಕೆಳಗಿನಿಂದ ಒತ್ತುತ್ತದೆ. ಮಳೆಯಲ್ಲಿ ಕ್ರೋಮ್ ರಿಮ್ ಒದ್ದೆಯಾದಾಗ ಹಿಡಿಯುವುದೇ ಇಲ್ಲ. 12 ಕಿ.ಮೀ. ವೇಗದಲ್ಲಿ ಸಹಿಸಬಹುದಾದ ಆ ದೌರ್ಬಲ್ಯ 25ರಲ್ಲಿ ಅಪಘಾತ.

ಮುಂಬದಿ ಚಕ್ರದ ಕಿಟ್ ಅಗ್ಗ, ಕೂರಿಸುವುದೂ ಸುಲಭ. ಆದರೆ ಸಸ್ಪೆನ್ಷನ್ ಫೋರ್ಕ್ ಇರುವ ಸೈಕಲ್‌ಗೆ ಅದನ್ನು ಯಾವ ಕಾರಣಕ್ಕೂ ಹಾಕಬಾರದು. ಆ ಫೋರ್ಕಿನ ಕೆಳಗಾಲುಗಳು ಎರಕದ ಹಗುರ ಲೋಹ. ಆಕ್ಸಲ್ ತಿರುಚುವ ಬಲಕ್ಕೆ ಅವು ಬಾಗುವುದಿಲ್ಲ, ನೇರ ಒಡೆಯುತ್ತವೆ. ಮುಂದಿನ ಚಕ್ರ ಕಳಚಿದರೆ ಸವಾರ ಮುಖದ ಮೇಲೆ ಬೀಳುತ್ತಾನೆ.

ಇನ್ನೊಂದು ಬಗೆ ಇದೆ, 24 ವೋಲ್ಟ್‌ನ ಬ್ರಶ್ ಮೋಟಾರನ್ನು ಫ್ರೇಮಿನ ಪಕ್ಕಕ್ಕೆ ಬೋಲ್ಟ್ ಮಾಡಿ, ಇನ್ನೊಂದು ಚೈನ್ ಹಾಕಿ, 12 ವೋಲ್ಟ್ 7 ಆಂಪಿಯರ್ ಅವರ್‌ನ ಎರಡು ಲೆಡ್ ಆಸಿಡ್ ಬ್ಯಾಟರಿ ಕಟ್ಟುವುದು. ಬೆಲೆ ನೋಡಿ ಕಾಲೇಜು ಹುಡುಗರು ಇದರ ಕಡೆ ವಾಲುತ್ತಾರೆ. 168 ವ್ಯಾಟ್ ಅವರ್ ಎಂದು ಬರೆದಿದ್ದರೂ ಲೆಡ್ ಆಸಿಡ್‌ನಿಂದ ದಿನಾ ಅರ್ಧಕ್ಕಿಂತ ಹೆಚ್ಚು ತೆಗೆದರೆ ಬೇಗ ಸಾಯುತ್ತದೆ, ಪೆಡಲ್ ಸೆನ್ಸರ್ ಇಲ್ಲ, ವೇಗ ಮಿತಿ ಇಲ್ಲ, ತೆರೆದ ಚೈನಿಗೆ ಪ್ಯಾಂಟು ಸಿಕ್ಕುತ್ತದೆ. ಬೇಡ.

ಆಕ್ಸಲ್, ವಾಷರ್, ಟಾರ್ಕ್ ಆರ್ಮ್

ಕಿಟ್ ಕೆಡುವುದಾದರೆ ಹೆಚ್ಚಾಗಿ ಇಲ್ಲೇ ಕೆಡುತ್ತದೆ. ಹಾಗಾಗಿ ಇದನ್ನು ಬಿಡಿಸಿ ಹೇಳಬೇಕು.

ಸಾಮಾನ್ಯ ಸೈಕಲ್‌ನ ಆಕ್ಸಲ್ ಚಕ್ರವನ್ನು ಹಿಡಿದಿದ್ದರೆ ಸಾಕು. ಹಬ್ ಮೋಟಾರಿನ ಆಕ್ಸಲ್ ಹಾಗಲ್ಲ. ಮೋಟಾರ್ ಚಕ್ರವನ್ನು ಮುಂದಕ್ಕೆ ತಳ್ಳಿದಷ್ಟೇ ಬಲದಲ್ಲಿ ಆಕ್ಸಲ್ ಹಿಂದಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದು 12 ಮಿ.ಮೀ. ಆಕ್ಸಲ್‌ನ ಎರಡು ಬದಿಯನ್ನು ಚಪ್ಪಟೆ ಮಾಡಿ ಉಳಿಸಿದ 10 ಮಿ.ಮೀ. ಅಗಲ, ಮತ್ತು ಅದು ಕೂರುವ ಡ್ರಾಪ್‌ಔಟ್‌ನ ಸೀಳು. ನಟ್ ಸಡಿಲವಾದರೆ ಈ ಚಪ್ಪಟೆ ಭಾಗ ಸೀಳಿನೊಳಗೆ ಹಿಂದೆ ಮುಂದೆ ಆಡುತ್ತಾ ಅಂಚನ್ನು ಸವೆಸುತ್ತದೆ. ಒಂದು ದಿನ ಸಿಗ್ನಲ್‌ನಿಂದ ಹೊರಡುವಾಗ ಇಡೀ ಆಕ್ಸಲ್ ಗರ್ರನೆ ಸುತ್ತುತ್ತದೆ. ಆಕ್ಸಲ್ ತುದಿಯಿಂದ ಹೊರಬರುವ ಕೇಬಲ್ ಅದಕ್ಕೆ ಸುತ್ತಿಕೊಂಡು ತುಂಡಾಗುತ್ತದೆ. ಆ ಕೇಬಲ್‌ನಲ್ಲಿ 3 ದಪ್ಪ ತಂತಿ, 6 ಕೂದಲಿನಂಥ ತಂತಿ ಇರುತ್ತವೆ. ಬದಲಿಸಬೇಕಾದರೆ ಮೋಟಾರ್ ಬಿಚ್ಚಬೇಕು.

ತಡೆಯುವುದು ಕಷ್ಟವೇನಲ್ಲ. ಕಿಟ್ ಜೊತೆ ಬರುವ ವಾಷರ್‌ಗಳಲ್ಲಿ ಒಂದು ಬದಿಗೆ ಸಣ್ಣ ಕೊಕ್ಕೆ ಇರುವ ಎರಡನ್ನು ಆರಿಸಿ. ಆ ಕೊಕ್ಕೆ ಒಳಮುಖವಾಗಿ ಡ್ರಾಪ್‌ಔಟ್‌ನ ಸೀಳಿನೊಳಕ್ಕೆ ಇಳಿಯಬೇಕು. ಕೊಕ್ಕೆ ಹೊರಕ್ಕೆ ಮಾಡಿ ಹಾಕಿದ ಸೈಕಲ್‌ಗಳು ಎಷ್ಟೋ ರಸ್ತೆಯಲ್ಲಿವೆ. ಆಗ ಅದು ಬರೀ ವಾಷರ್. ಅದರ ಮೇಲೆ ನಟ್. ಪಾನಾ ಹೆಚ್ಚಾಗಿ 18ರದ್ದು, ಬಿಗಿತ ಸುಮಾರು 40 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದಿದ್ದರೆ ಒಂದು ಅಡಿ ಉದ್ದದ ಪಾನಾದ ತುದಿಗೆ 13 ಕೆ.ಜಿ. ತೂಕದಷ್ಟು ಒತ್ತಡ ಎಂದು ಅಂದಾಜಿಸಬಹುದು. ಫ್ರೇಮ್ ಅಲ್ಯೂಮಿನಿಯಂ ಆಗಿದ್ದರೆ ಟಾರ್ಕ್ ಆರ್ಮ್ ಕಡ್ಡಾಯ. ಅದು 10 ಮಿ.ಮೀ. ತೂತಿರುವ ಉಕ್ಕಿನ ಪಟ್ಟಿ; ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಫ್ರೇಮಿನ ಕೊಳವೆಗೆ ಕ್ಲಿಪ್‌ನಿಂದ. ತೂತು ಆಕ್ಸಲ್‌ಗೆ ಬಿಗಿಯಾಗಿ ಕೂರಬೇಕು, ಕೈಯಿಂದ ಅಲ್ಲಾಡಿಸಿದರೆ ಆಡಬಾರದು. 50 ಕಿ.ಮೀ. ಓಡಿದ ಮೇಲೆ ಎಲ್ಲವನ್ನೂ ಮತ್ತೆ ಬಿಗಿ ಮಾಡಿ. ಪೇಂಟ್ ಒತ್ತಿಕೊಂಡು ತೆಳುವಾಗಿ ನಟ್ ಖಂಡಿತ ಸಡಿಲವಾಗಿರುತ್ತದೆ. ನಟ್ ಮತ್ತು ಫ್ರೇಮ್ ಸೇರುವ ಕಡೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಟ್ಟರೆ ದಿನಾ ನೋಡುವುದು ಸುಲಭ; ಗೆರೆ ಮುರಿದಿದ್ದರೆ ನಟ್ ತಿರುಗಿದೆ.

ಕೇಬಲ್ ಆಕ್ಸಲ್‌ನಿಂದ ಹೊರಬಂದ ತಕ್ಷಣ ಮೇಲಕ್ಕೆ ಹೋಗಬಾರದು. ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟು, ಆಮೇಲೆ ಫ್ರೇಮಿನ ಉದ್ದಕ್ಕೆ ಏರಿಸಬೇಕು. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದು ಇಳಿದು ನೇರ ಮೋಟಾರಿನೊಳಗೆ ಹೋಗುತ್ತದೆ, ಮೋಟಾರಿನ ಸ್ಥಾನ ಗುರುತಿಸುವ ಒಳಗಿನ ಹಾಲ್ ಸೆನ್ಸರ್‌ಗಳು ತುಕ್ಕು ಹಿಡಿಯುತ್ತವೆ. ಆಗ ಮೋಟಾರ್ ಹೊರಡುವಾಗ ಗಡಗಡ ನಡುಗುತ್ತದೆ, ಸ್ವಲ್ಪ ತಳ್ಳಿದರೆ ಓಡುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ಮರೆಯಲೇಬಾರದು. ಕನೆಕ್ಟರ್‌ಗಳ ಮೇಲೆ ಬಾಣದ ಗುರುತಿರುತ್ತದೆ. ಎರಡು ಬಾಣಗಳನ್ನು ಎದುರುಬದುರು ಇಟ್ಟು ನೇರವಾಗಿ ತಳ್ಳಿ, ತಿರುಗಿಸಬೇಡಿ. ತಿರುಗಿಸಿದರೆ ಒಳಗಿನ ಪಿನ್ ಬಾಗುತ್ತದೆ.

ಹೊಸ ಚಕ್ರದ ಕಡ್ಡಿಗಳು ಮೊದಲ 100–200 ಕಿ.ಮೀ.ನಲ್ಲಿ ಸಡಿಲವಾಗುತ್ತವೆ. ಟಿಣ್ ಎಂಬ ಸದ್ದು ಬಂದರೆ ಅದೇ. ಯಾವುದೇ ಸೈಕಲ್ ಅಂಗಡಿಯಲ್ಲಿ ಬೆಂಡ್ ತೆಗೆಸಿ, ಎಲ್ಲ ಕಡ್ಡಿ ಬಿಗಿ ಮಾಡಿಸಿ.

ಡಿಸ್‌ಪ್ಲೇಯಲ್ಲಿ ಅಡಗಿರುವ ತಪ್ಪು

ಡಿಸ್‌ಪ್ಲೇಯ ಸೆಟ್ಟಿಂಗ್‌ನಲ್ಲಿ ಎರಡು ಅಂಕಿ ಮುಖ್ಯ: ವೇಗ ಮಿತಿ ಮತ್ತು ಚಕ್ರದ ಅಳತೆ. ಎಲ್ಲರೂ ಮೊದಲನೆಯದನ್ನು 25ಕ್ಕೆ ಇಟ್ಟು ಸುಮ್ಮನಾಗುತ್ತಾರೆ. ಎರಡನೆಯದು ತಪ್ಪಿದ್ದರೆ ಮೊದಲನೆಯದಕ್ಕೆ ಬೆಲೆಯೇ ಇಲ್ಲ. 26 ಇಂಚಿನ ಚಕ್ರಕ್ಕೆ 20 ಇಂಚು ಎಂದು ಇದ್ದರೆ ಡಿಸ್‌ಪ್ಲೇ 25 ತೋರಿಸುವಾಗ ಸೈಕಲ್ ನಿಜವಾಗಿ 32.5ರಲ್ಲಿ ಹೋಗುತ್ತಿರುತ್ತದೆ. 29 ಇಂಚಿನ ಚಕ್ರಕ್ಕೆ 26 ಎಂದಿದ್ದರೆ ಸುಮಾರು 28. ಇದನ್ನು ಬೇಕೆಂದೇ ಹೀಗೆ ಮಾಡಿ ಕೊಡುವ ಅಂಗಡಿಗಳೂ ಇವೆ, "ಸ್ವಲ್ಪ ಪಿಕಪ್ ಜಾಸ್ತಿ ಮಾಡಿದೀನಿ" ಎನ್ನುತ್ತಾರೆ. ಸಮತಟ್ಟಾದ ನೇರ ರಸ್ತೆಯಲ್ಲಿ ಫೋನಿನ ಜಿ.ಪಿ.ಎಸ್. ವೇಗದೊಂದಿಗೆ ಹೋಲಿಸಿ ನೋಡಿ. ವ್ಯತ್ಯಾಸ 1 ಕಿ.ಮೀ. ಒಳಗಿರಬೇಕು. ವೇಗ ಸುರಕ್ಷಿತವಾಗಿ 25ರ ಕೆಳಗೇ ಉಳಿಯಲಿ ಎಂದು ಮಿತಿಯನ್ನು 24ಕ್ಕೆ ಇಡುವುದು ನಮ್ಮ ಸಲಹೆ.

ಥ್ರಾಟಲನ್ನು ಜೋಡಿಸಲೇಬೇಡಿ. ಕಂಟ್ರೋಲರ್‌ನ ಥ್ರಾಟಲ್ ಕನೆಕ್ಟರ್ ಖಾಲಿ ಬಿಟ್ಟು ಟೇಪ್ ಸುತ್ತಿಡಿ. ಪರೀಕ್ಷೆ ಪಾಸಾದ ಕೆಲವು ರೆಡಿ ಸೈಕಲ್‌ಗಳಲ್ಲಿ ಥ್ರಾಟಲ್ ಇದೆ ನಿಜ, ಅವನ್ನು ಹಾಗೆಯೇ ಪರೀಕ್ಷಿಸಿ ಒಪ್ಪಿರುತ್ತಾರೆ. ಕಿಟ್ ವಿಷಯದಲ್ಲಿ ತುಳಿದರೆ ಮಾತ್ರ ಮೋಟಾರ್ ಓಡುತ್ತದೆ ಎನ್ನುವುದು ನಿಯಮದ ಆಶಯಕ್ಕೆ ಹತ್ತಿರ, ಬ್ಯಾಟರಿಗೂ ಒಳ್ಳೆಯದು.

ಪೆಡಲ್ ಸೆನ್ಸರ್ ಬಗ್ಗೆ ಒಂದು ಮಾತು. ಮ್ಯಾಗ್ನೆಟ್ ಬಿಲ್ಲೆ ಮತ್ತು ಸೆನ್ಸರ್ ನಡುವೆ 1ರಿಂದ 3 ಮಿ.ಮೀ. ಅಂತರವಿರಬೇಕು. ಬಿಲ್ಲೆ ತಿರುಗಾಮುರುಗಾ ಕೂತರೆ ಮುಂದಕ್ಕೆ ತುಳಿದಾಗ ಮೋಟಾರ್ ಸುಮ್ಮನಿದ್ದು, ಹಿಂದಕ್ಕೆ ತುಳಿದಾಗ ಓಡುತ್ತದೆ. ಇಂಥ ಅಗ್ಗದ ಸೆನ್ಸರ್‌ಗೆ ಕಾಲಿನ ಒತ್ತಡ ತಿಳಿಯುವುದಿಲ್ಲ, ತಿರುಗುವುದು ಮಾತ್ರ ತಿಳಿಯುತ್ತದೆ. ಹಾಗಾಗಿ ತುಳಿಯಲು ತೊಡಗಿ ಅರ್ಧ ಸುತ್ತಾದ ಮೇಲೆ ಒಮ್ಮೆಲೇ ತಳ್ಳುತ್ತದೆ, ನಿಲ್ಲಿಸಿದ ಮೇಲೂ ಅರ್ಧ ಸೆಕೆಂಡಿಗೂ ಹೆಚ್ಚು ತಳ್ಳುತ್ತಲೇ ಇರುತ್ತದೆ. ಇಕ್ಕಟ್ಟಾದ ಗಲ್ಲಿಯಲ್ಲಿ ತಿರುಗುವಾಗ ಇದು ಗೋಡೆಗೆ ಗುದ್ದಿಸಬಲ್ಲದು. ಕಿಟ್‌ನ ಅತಿ ದೊಡ್ಡ ಅನಾನುಕೂಲ ನಮ್ಮ ಪ್ರಕಾರ ಇದೇ. ಇದಕ್ಕೆ ಮದ್ದು ಬ್ರೇಕ್ ಲಿವರ್‌ನ ಕಟ್‌ಆಫ್ ಸ್ವಿಚ್. ಲಿವರನ್ನು ಒಂದು ಬೆರಳಲ್ಲಿ ಮುಟ್ಟಿದರೂ ಮೋಟಾರ್ ನಿಲ್ಲಬೇಕು. ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಎತ್ತಿ, ಪೆಡಲ್ ತಿರುಗಿಸುತ್ತಾ ಎಡ ಬಲ ಎರಡೂ ಲಿವರ್ ಬೇರೆ ಬೇರೆಯಾಗಿ ಪರೀಕ್ಷಿಸಿ. "ಹಳೆ ಲಿವರೇ ಚೆನ್ನಾಗಿದೆ" ಎಂದು ಈ ಲಿವರ್‌ಗಳನ್ನು ಹಾಕದೆ ಬಿಡುವವರು ಕಿಟ್ಟನ್ನೂ ಹಾಕಬಾರದು.

25 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಮೀಟರ್ ಹೋಗುತ್ತೇವೆ. ಬ್ರೇಕ್ ಚೆನ್ನಾಗಿದ್ದರೆ ಒಣ ಟಾರಿನಲ್ಲಿ ನಿಲ್ಲಲು 5 ಮೀಟರ್ ಸಾಕು. ಒದ್ದೆಯಲ್ಲಿ ಅದರ ಎರಡರಷ್ಟು. ಬ್ರೇಕ್ ಹಿಡಿಯಬೇಕೆಂದು ಹೊಳೆಯುವುದರೊಳಗೆ ಸಾಗುವ 7 ಮೀಟರ್ ಇದಕ್ಕೆ ಸೇರಿಸಿ. ಕಿಟ್ ಸೇರಿ ಸೈಕಲ್ ತೂಕ 15ರಿಂದ 21–22 ಕೆ.ಜಿ.ಗೆ ಏರುವುದರಿಂದ ಬ್ರೇಕ್ ಪ್ಯಾಡ್ ಮೊದಲಿಗಿಂತ ಬೇಗ ಸವೆಯುತ್ತದೆ.

ಬ್ಯಾಟರಿ, ಚಾರ್ಜರ್, ಅಪಾರ್ಟ್‌ಮೆಂಟ್

36 ವೋಲ್ಟ್ ಬ್ಯಾಟರಿ ಎಂದರೆ 10 ಸೆಲ್‌ಗಳು ಸಾಲಾಗಿ. 7.8 ಆಂಪಿಯರ್ ಅವರ್ ಎಂದರೆ ಅಂಥ 3 ಸಾಲು, ಒಟ್ಟು 30 ಸೆಲ್, ಸುಮಾರು 280 ವ್ಯಾಟ್ ಅವರ್. ತುಂಬಿದಾಗ 42 ವೋಲ್ಟ್, ಅರ್ಧದಲ್ಲಿ ಸುಮಾರು 37. ಬೆಂಗಳೂರಿನ ನಿಂತು ಹೊರಡುವ ಸಂಚಾರದಲ್ಲಿ ತುಳಿದು ಹೋದರೆ ಕಿ.ಮೀ.ಗೆ 7 ವ್ಯಾಟ್ ಅವರ್, ಮೋಟಾರಿನಲ್ಲೇ ಹೋದರೆ 12ರ ಆಸುಪಾಸು. ಅಂದರೆ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ ಮೊದಲ ಬಗೆಗೆ 35 ಕಿ.ಮೀ., ಎರಡನೆಯದಕ್ಕೆ 20. ಪೆಟ್ಟಿಗೆ ಮೇಲೆ "60 ಕಿ.ಮೀ." ಎಂದಿದ್ದರೆ ನಂಬಬೇಡಿ. ಪೂರ್ತಿ ಚಾರ್ಜಿಗೆ ಮೂರನೇ ಒಂದು ಯೂನಿಟ್ ಕರೆಂಟ್, ಯೂನಿಟ್‌ಗೆ 6 ರೂಪಾಯಿ ಹಿಡಿದರೆ 2 ರೂಪಾಯಿ. ಇಳಿಜಾರಿನಲ್ಲಿ ತಾನೇ ಚಾರ್ಜ್ ಆಗುತ್ತದೆ ಎಂಬ ಮಾತೂ ಸುಳ್ಳು. ಈ ಗೇರ್ ಹಬ್‌ನೊಳಗೆ ಒಂದೇ ದಿಕ್ಕಿಗೆ ಹಿಡಿಯುವ ಕ್ಲಚ್ ಇದೆ. ಚಕ್ರ ಮೋಟಾರನ್ನು ತಿರುಗಿಸಲಾರದು, ಹಾಗಾಗಿ ಅದು ವಿದ್ಯುತ್ ಹುಟ್ಟಿಸಲಾರದು.

ಚಾರ್ಜರ್ ವಿಷಯದಲ್ಲಿ ಸಡಿಲ ಬಿಡಬೇಡಿ. 36 ವೋಲ್ಟ್ ಬ್ಯಾಟರಿಗೆ 42 ವೋಲ್ಟ್ ಚಾರ್ಜರ್, 48 ವೋಲ್ಟ್ ಬ್ಯಾಟರಿಗೆ 54.6 ವೋಲ್ಟ್ ಚಾರ್ಜರ್. ಎರಡರ ಪಿನ್ನೂ ಒಂದೇ ಆಕಾರದಲ್ಲಿರಬಹುದು, ಸುಲಭವಾಗಿ ಒಳಹೋಗಬಹುದು. ಪಕ್ಕದ ಮನೆಯ ಚಾರ್ಜರ್ ತಂದು ಚುಚ್ಚಿದಾಗ ಬಿ.ಎಂ.ಎಸ್. (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ಕೆಲಸ ಮಾಡಿದರೆ ಬಚಾವ್, ಮಾಡದಿದ್ದರೆ ಬೆಂಕಿ. ಹೊಸ ಚಾರ್ಜರಿನ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ನೋಡಿ, 41.8ರಿಂದ 42.2ರ ಒಳಗಿರಬೇಕು. ನಂತರ ಚಾರ್ಜರ್ ಮೇಲೆ ಮಾರ್ಕರ್‌ನಿಂದ ದಪ್ಪಕ್ಷರದಲ್ಲಿ "36" ಎಂದು ಬರೆದಿಡಿ. ಬ್ಯಾಟರಿ ಮತ್ತು ಕಂಟ್ರೋಲರ್ ನಡುವೆ 20 ಆಂಪಿಯರ್ ಫ್ಯೂಸ್ ಇದೆಯೇ ನೋಡಿ. ಇಲ್ಲದಿದ್ದರೆ ಹಾಕಿಸಿ, 100 ರೂಪಾಯಿ ಒಳಗಿನ ಕೆಲಸ.

ಬಿಸಿಲಲ್ಲಿ ಓಡಿಸಿ ಬಂದ ಬ್ಯಾಟರಿ ಮುಟ್ಟಿದರೆ ಬಿಸಿ ಇರುತ್ತದೆ. ಅರ್ಧ ಗಂಟೆ ತಣಿಯಲು ಬಿಟ್ಟು ಚಾರ್ಜ್ ಹಾಕಿ. ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ, ಲಿಫ್ಟ್ ಎದುರು, ಮುಂಬಾಗಿಲ ಒಳಗಡೆ ಚಾರ್ಜ್ ಮಾಡಬೇಡಿ. ಹೊಗೆ ಬಂದರೆ ಹೊರಗೆ ಓಡುವ ದಾರಿ ಅದೊಂದೇ. ಗಾಳಿಯಾಡುವ ಬಾಲ್ಕನಿಯಲ್ಲಿ, ಟೈಲ್ಸ್ ನೆಲದ ಮೇಲೆ, ಪರದೆ ಸೋಫಾದಿಂದ ದೂರ, ಎಚ್ಚರವಿರುವ ಹೊತ್ತಿನಲ್ಲಿ ಮಾಡಿ. 2 ಆಂಪಿಯರ್ ಚಾರ್ಜರ್ ಆದರೆ 4 ಗಂಟೆ ಸಾಕು. ಊರಿಗೆ ಹೋಗುವಾಗ ಅರ್ಧ ಚಾರ್ಜ್‌ನಲ್ಲಿ ಬಿಡಿ. ಬಿದ್ದು ಏಟು ತಿಂದ ಅಥವಾ ಉಬ್ಬಿದ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಕಸದ ಗಾಡಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಕೊಳ್ಳುವಾಗಲೇ "ಹಳೆ ಬ್ಯಾಟರಿ ವಾಪಸ್ ತಗೋತೀರಾ?" ಎಂದು ಕೇಳಿ.

ರಸ್ತೆಗಿಳಿದ ಮೇಲೆ

ಏರಿನಲ್ಲಿ ಈ ಮೋಟಾರಿನ ಮಿತಿ ಗೊತ್ತಿರಬೇಕು. ಸವಾರ, ಸೈಕಲ್, ಚೀಲ ಸೇರಿ 100 ಕೆ.ಜಿ. ಎನ್ನಿ. 100 ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ 12 ಕಿ.ಮೀ. ವೇಗಕ್ಕೆ ಸುಮಾರು 290 ವ್ಯಾಟ್ ಬೇಕು. ಕಾಲಿನಿಂದ 100 ವ್ಯಾಟ್ ಕೊಟ್ಟರೆ ಉಳಿದದ್ದನ್ನು ಮೋಟಾರ್ ನೆಮ್ಮದಿಯಾಗಿ ಕೊಡುತ್ತದೆ. ಸುಮ್ಮನೆ ಕೂತರೆ ವೇಗ 7–8ಕ್ಕೆ ಇಳಿಯುತ್ತದೆ, ಆ ನಿಧಾನದಲ್ಲಿ ಬ್ಯಾಟರಿಯಿಂದ ಎಳೆದ ಶಕ್ತಿಯ ದೊಡ್ಡ ಪಾಲು ಸುರುಳಿಯಲ್ಲಿ ಬಿಸಿಯಾಗುತ್ತದೆ. ಒಳಗಿನ ಗೇರ್‌ಗಳು ನೈಲಾನ್. ನಂದಿ ಬೆಟ್ಟ, ಚಾಮುಂಡಿ ಬೆಟ್ಟದ ಏರಿನಲ್ಲಿ ಗೇರ್ ಇಳಿಸಿ, ತುಳಿದೇ ಹತ್ತಿ. ನಡುವೆ ನಿಂತಾಗ ಹಬ್‌ ಮೇಲೆ ಕೈ ಇಡಿ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಕಾಲು ಗಂಟೆ ನಿಲ್ಲಿ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಮೋಟಾರು ರಹಿತ ವಾಹನಗಳಿಗೂ ಪ್ರವೇಶವಿಲ್ಲ. ಇ-ಸೈಕಲ್ಲನ್ನು ಯಾವ ಲೆಕ್ಕಕ್ಕೆ ಹಿಡಿದರೂ ಸರ್ವಿಸ್ ರಸ್ತೆಯೇ ಗತಿ. ನಗರದ ವೈಟ್ ಟಾಪಿಂಗ್ ರಸ್ತೆಗಳಲ್ಲಿ ಕಾಂಕ್ರೀಟ್ ಹಲಗೆಯ ಅಂಚು ಪಕ್ಕದ ಟಾರಿಗಿಂತ ಎರಡು ಮೂರು ಬೆರಳು ಎತ್ತರ ಇರುತ್ತದೆ. ಆ ಅಂಚನ್ನು ಓರೆಯಾಗಿ ಹತ್ತಲು ಹೋದರೆ ಮುಂದಿನ ಚಕ್ರ ಜಾರಿ ಸೈಕಲ್ ಅಡ್ಡ ಬೀಳುತ್ತದೆ. ಮೋಟಾರ್ ತಳ್ಳುತ್ತಿರುವಾಗಲಂತೂ ಇನ್ನೂ ಬೇಗ. ನಿಧಾನಿಸಿ, ಸಾಧ್ಯವಾದಷ್ಟು ನೇರವಾಗಿ ದಾಟಿ.

ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಲ್ಲ ಎಂಬುದು ಕಾನೂನು. 25ರಲ್ಲಿ ಬಿದ್ದ ತಲೆಗೆ ಆ ವಿನಾಯಿತಿ ಇಲ್ಲ. ಸೈಕಲ್ ಹೆಲ್ಮೆಟ್ ಹಾಕಿ. ಗಂಟೆ ಇರಲಿ, ಹಾರ್ನ್ ಬೇಡ, ಬೆಳಗಿನ ವಾಕಿಂಗ್ ಹೋಗುವ ಹಿರಿಯರು ಬೆಚ್ಚಿಬೀಳುತ್ತಾರೆ. ಹಬ್ ಮೋಟಾರ್ ಸದ್ದೇ ಮಾಡದ್ದರಿಂದ ನಡೆಯುವವರನ್ನು ದಾಟುವಾಗ 10 ಮೀಟರ್ ಮೊದಲೇ ಗಂಟೆ ಹೊಡೆದು, ತುಳಿಯುವುದನ್ನು ನಿಲ್ಲಿಸಿ. ಫುಟ್‌ಪಾತ್ ಪಾದಚಾರಿಗಳದ್ದು, ಅಲ್ಲಿ ಇಳಿದು ತಳ್ಳಿಕೊಂಡು ಹೋಗಿ. ಅಜಾಗರೂಕ ಸವಾರಿಗೆ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ ಯಾವ ವಾಹನಕ್ಕೂ ಅನ್ವಯಿಸುತ್ತದೆ, ಸೈಕಲ್ಲಿಗೂ.

ಪಂಚರ್ ಆದರೆ ಏನು ಎಂಬುದನ್ನು ಕೊಳ್ಳುವ ಮುನ್ನವೇ ಯೋಚಿಸಬೇಕು. ಹಿಂದಿನ ಚಕ್ರ ಬಿಚ್ಚಲು ಕೇಬಲ್ ಕನೆಕ್ಟರ್ ಕಳಚಬೇಕು, ಟಾರ್ಕ್ ಆರ್ಮ್ ಬಿಚ್ಚಬೇಕು, 18ರ ಪಾನಾ ಬೇಕು. ರಸ್ತೆಬದಿಯ ಪಂಚರ್ ಅಂಗಡಿಯವರು ಇದಕ್ಕೆ ಕೈ ಹಾಕಲು ಹಿಂಜರಿಯುತ್ತಾರೆ. ಚಕ್ರ ಬಿಚ್ಚದೆಯೇ ಟ್ಯೂಬನ್ನು ಪಕ್ಕದಿಂದ ಎಳೆದು ತೂತಿರುವ ಭಾಗಕ್ಕೆ ಮಾತ್ರ ಪ್ಯಾಚ್ ಹಾಕಬಹುದು. ಹಾಗೆ ಮಾಡಲು ಅವರಿಗೆ ಹೇಳಿ. ಟೈರಿಗೆ 45–50 ಪಿ.ಎಸ್.ಐ. ಗಾಳಿ ಸದಾ ಇದ್ದರೆ ಪಂಚರ್ ಕಡಿಮೆಯಾಗುತ್ತದೆ. ಕಿಟ್ ಕೊಳ್ಳುವ ದಿನವೇ ಅದೇ ಅಂಗಡಿಯಿಂದ ಒಂದು ಪೆಡಲ್ ಸೆನ್ಸರ್, ಒಂದು ಜೊತೆ ಬ್ರೇಕ್ ಲಿವರ್, 4 ಕಡ್ಡಿ, 2 ಕೊಕ್ಕೆ ವಾಷರ್ ಹೆಚ್ಚಿಗೆ ತೆಗೆದಿಡಿ. ಆರು ತಿಂಗಳ ನಂತರ ಹೋದರೆ ಅದೇ ಕನೆಕ್ಟರ್ ಇರುವ ಸರಕು ಅವರ ಬಳಿ ಇರುವುದಿಲ್ಲ.